ಗೋಡೆಗೆ ಮುಖ

ಸುನಂದಾ ಟೀಚರ್ ಎರಡನೇ ತರಗತಿಯ ಮಕ್ಕಳಿಗೆ ‘ನಮ್ಮ ಮನೆ’ ಎಂಬ ಚಿತ್ರ ಬರೆಯಲು ಹೇಳಿದ್ದರು. ಉಳಿದವರೆಲ್ಲ ಹೆಂಚು, ಗಿಡ, ಸೂರ್ಯ ಬರೆದರು. ನೀಲಾಂಬಿಕಾ ಮಾತ್ರ ಗೋಡೆಗೆ ಮುಖ ಮಾಡಿ, ಕಿವಿ ಹಿಡಿದು ನಿಂತವರೊಬ್ಬರ ಬೆನ್ನನ್ನು ಬರೆದಿದ್ದಳು. ಟೀಚರ್ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ತರಗತಿಯಲ್ಲಿ ಸದಾ ನಗುವ ಈ ಹುಡುಗಿ ಮನೆಯಲ್ಲಿ ಇಷ್ಟೆಲ್ಲ ನುಂಗಿಕೊಂಡಿದ್ದಾಳೆಯೇ? ಮರುದಿನವೇ ಅವಳ ಅಪ್ಪ ಶಿವಪುತ್ರಪ್ಪನನ್ನು ಶಾಲೆಗೆ ಕರೆಸಿದರು.

“ನಿಮ್ಮನ್ಯಾಗ ಹಿಂಗ ಶಿಕ್ಷಾ ನಡೀತದೇನ್ರಿ?”

ಚಿತ್ರ ನೋಡಿದ ಶಿವಪುತ್ರಪ್ಪ ತಲೆ ತಗ್ಗಿಸಿದ. “ಹೌದ್ರಿ ಅಕ್ಕೋರ.”

“ದಿನಾನೂ?”

“ದಿನಾ ಅಂತಲ್ರಿ. ಊಟಕ್ಕ ಕುಂತಾಗ ಮೊಬೈಲ್ ಹಿಡಿದ್ರ ಹತ್ತು ನಿಮಿಷ. ಸಿಟ್ಟಿಗೆದ್ದು ಒದರಿದ್ರ ಅರ್ಧ ತಾಸು.”

“ಅರ್ಧ ತಾಸು! ಮನ್ಯಾಗ ಯಾರೂ ಬ್ಯಾಡ ಅನ್ನಂಗಿಲ್ಲೇನು?”

“ನಮ್ಮವ್ವ ಒಮ್ಮೆ ನಡುವ ಬಂದಿದ್ಲ್ರಿ. ಆಕಿಗೂ ಐದು ನಿಮಿಷ ಬಿತ್ತು.”

ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟರು. “ಮುದುಕಿನ್ನೂ ಬಿಡಲಿಲ್ಲ! ಮಕ್ಕಳ ಸಹಾಯವಾಣಿಗೆ ಈಗ ಫೋನ್ ಮಾಡ್ತೀನಿ ನೋಡ್ರಿ. ಎಳೀ ಕೂಸು ಅದು. ಒಂಚೂರರೆ ಕರುಣಾ ಬ್ಯಾಡೇನು?”

ತನ್ನ ಕಷ್ಟ ಕೇಳುವವರು ಕೊನೆಗೂ ಸಿಕ್ಕರೆಂಬಂತೆ ಶಿವಪುತ್ರಪ್ಪನ ಕಣ್ಣಲ್ಲಿ ನೀರಾಡಿತು.

“ಆ ಕೂಸಿಗೆ ಎಲ್ಲಿ ಕರುಣಾ ಐತ್ರಿ ಅಕ್ಕೋರ? ನಿನ್ನೆ ಕಾಲು ನೋಯ್ತಾವ ಬಿಡವ್ವಾ ಅಂತ ನಾ ಕೈ ಮುಗಿದ್ರ, ‘ಹೊಳ್ಳಿ ನೋಡಬ್ಯಾಡಪ್ಪ, ಇನ್ನೂ ಎರಡು ನಿಮಿಷ ಐತಿ’ ಅಂತಾಳ್ರಿ!”