ಉಠಾ

ಫೋಟೋ ತೆಗೆದಾದ ಕೂಡಲೇ, ನಾಟಕ ಶುರುವಾಗುವ ಮೊದಲೇ, ಮುಂದಿನ ಸಾಲಿನಿಂದ ಕೂಲಿಯವರನ್ನು ಎಬ್ಬಿಸತೊಡಗಿದರು.

ಪುಣೆಯ ಆ ನೂರು ವರ್ಷದ ರಂಗಮಂದಿರಕ್ಕೆ ಹೊಸ ಹೆಂಚು ಹೊದಿಸಿದವರು ಅವರೇ. ಬೇಸಿಗೆಯ ಮೊದಲ ಆಟಕ್ಕೆ ಪಾಸು ಕೊಟ್ಟು ಕರೆದಾಗಲೇ ಶರಣಮ್ಮನ ತಲೆಯಲ್ಲಿ ಸಂಶಯದ ಹುಳ ಹೊಕ್ಕಿತ್ತು. ಹನ್ನೆರಡು ವರ್ಷ ಈ ಊರಿನ ಗಾರೆ ಬುಟ್ಟಿ ಹೊತ್ತವಳು. ಕಟ್ಟಿದವರನ್ನು ಕರೆದು ಕೂರಿಸಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಕ್ಯಾಮೆರಾದವನು ನಗಿರಿ ಅಂದಾಗ ಎಲ್ಲರೂ ನಕ್ಕರು. ಅವಳು ಮಾತ್ರ ಪಾಸನ್ನು ಮುಷ್ಟಿಯೊಳಗೆ ಬಿಗಿಹಿಡಿದು, ಬಾಗಿಲ ಬಳಿ ಬೀಸಣಿಗೆ ಆಡಿಸುತ್ತ ನಿಂತ ರೇಷ್ಮೆ ಸೀರೆಯವರನ್ನೇ ನೋಡುತ್ತಿದ್ದಳು. ಅವರ ಕಣ್ಣು ಈ ಕುರ್ಚಿಗಳ ಮೇಲಿತ್ತು.

"ಉಠಾ, ಉಠಾ," ಎನ್ನುತ್ತ ವ್ಯವಸ್ಥಾಪಕ ಬಂದ. ಹೋದ ತಿಂಗಳಷ್ಟೇ ಯಾದಗಿರಿಯಿಂದ ಬಂದಿದ್ದ ಗುರಣ್ಣನಿಗೆ ಮರಾಠಿ ಬರದು. "ಏಳ್ರೆಪಾ, ಊಟಕ್ಕ ಕರ್ಯಾಕತ್ಯಾರ! ಭಾಳ ದೊಡ್ಡ ಮನಸ್ಸಿನ ಮಂದಿ," ಎಂದು ಖುಷಿಯಿಂದ ಎದ್ದೇಬಿಟ್ಟ. ಅವನ ಹಿಂದೆ ಉಳಿದವರೂ ಎದ್ದರು.

ಶರಣಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. "ಕೂಡು ಗುರಣ್ಣ. ಊಟ ಅಲ್ಲದು. ಎದ್ದು ಹೋಗ್ರಿ ಅನ್ನಾಕತ್ಯಾನ."

"ಅಹೋ ಬಾಯಿ, ಉಠಾ!" ವ್ಯವಸ್ಥಾಪಕ ದನಿ ಏರಿಸಿದ.

ಅವಳು ಕಾಲೆರಡೂ ಮೇಲೆತ್ತಿ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.

"ನಮ್ಮ ಊಟ ಮನ್ಯಾಗ ಆಗೇದ್ರೀ ಸಾಹೇಬ್ರ," ಎಂದಳು, ಇಡೀ ಮಂದಿರಕ್ಕೆ ಕೇಳುವಂತೆ. "ನೀವು ನಾಟಕ ಶುರು ಮಾಡ್ರಿ."