ಹೊಗೆಗೂಡು ಕೆರೆದ ಮಧ್ಯಾಹ್ನ

ಎಪ್ಪತ್ತು ವರ್ಷ ಕಳೆದರೂ, ಎಲ್ಲಾದರೂ ಹಸಿ ಸೌದೆಯ ಹೊಗೆ ಮೂಗಿಗೆ ಬಡಿದರೆ ನನ್ನ ಅಂಗೈ ಇನ್ನೂ ಜಿಗುಟಾಗಿದೆ ಅನ್ನಿಸುತ್ತದೆ.

ನಮ್ಮ ಹುಲ್ಲಿನ ಮನೆಯ ಹೊಗೆಗೂಡು ಎಂದರೆ, ತಳ ಒಡೆದ ಮಡಕೆಗಳನ್ನು ಒಂದರ ಮೇಲೊಂದು ಕೂರಿಸಿ ಮಣ್ಣು ಮೆತ್ತಿದ ಕೊಳವೆ. ಅದರೊಳಗೆ ಕಟ್ಟಿದ್ದ ಮಸಿಗೆ ಹಿಂದಿನ ದಿನ ಕಿಡಿ ಹತ್ತಿ, ಸೂರಿನ ಹುಲ್ಲು ಒಂದು ಮೊಳ ಸುಟ್ಟಿತ್ತು. ಅಕ್ಕಪಕ್ಕದವರು ನೀರು ಎರಚಿ ಉಳಿಸಿದ್ದರು. ಅದಕ್ಕೇ ಆ ಮಧ್ಯಾಹ್ನ ಅವ್ವ ಒರಳಿನ ಮೇಲೆ ಹತ್ತಿ ನಿಂತು, ಬಿದಿರುಗಳುವಿಗೆ ಕುಡುಗೋಲು ಕಟ್ಟಿಕೊಂಡು ಕೊಳವೆ ಕೆರೆಯುತ್ತಿದ್ದಳು. ನಾನು ಕೆಳಗೆ ಮೊರ ಹಿಡಿದಿದ್ದೆ. ಮಸಿ ಪುಡಿಯಾಗಿ ಉದುರಲಿಲ್ಲ. ಕೆಟ್ಟ ಬೆಲ್ಲದ ಹಾಗೆ ಮುದ್ದೆಮುದ್ದೆಯಾಗಿ ಬಿದ್ದು ಕೈಗೆ ಅಂಟಿತು.

"ಅಸಿ ಸೌದೆ ಉರುಸ್‌ಬ್ಯಾಡ ಅಂತ ಎಷ್ಟು ಸಲ ಏಳ್ಲಿ? ಒಂದಿನ ಮನೆಗೇ ಬೆಂಕಿ ಇಕ್ತೀಯ," ಎಂದು ಅಪ್ಪನ ತಾಯಿ, ನಮ್ಮಜ್ಜಿ, ಜಗಲಿಯಿಂದಲೇ ಬೈದಳು. ಅವ್ವ ಕೆಮ್ಮಿದಳು, ಮತ್ತೆ ಕೆರೆದಳು.

ಒಲೆ ಹಚ್ಚುವ ಹೊತ್ತಾಯಿತು. ಗೋಡೆಗೆ ಒರಗಿಸಿದ್ದ ಒಣ ಸೌದೆಯ ಹೊರೆಯಿಂದ ನಾನು ಎರಡು ತುಂಡು ಎಳೆದೆ.

"ಮುಟ್‌ಬ್ಯಾಡ ಕಣವ್ವ," ಅಂದಳು ಅವ್ವ. "ಅದು ಹ್ಯಾಂಡ್‌ಪೋಸ್ಟ್ ಕೂಡುರಸ್ತೆ ಓಟ್ಲಿಗೆ. ಬೆಳಿಗ್ಗೆ ಒತ್ಕೊಂಡೋಗಿ ಮಾರ್ಬೇಕು. ಅಸಿದಾದ್ರೆ ಅವ್ರು ತಕ್ಕೊಳಲ್ಲ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಹಸಿ ಸೌದೆಯನ್ನೇ ಒಲೆಗೆ ತುರುಕಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಜಗಲಿಯಲ್ಲಿ ಇದನ್ನು ಕೇಳಿಸಿಕೊಂಡ ಅಜ್ಜಿ ಎದ್ದು ಒಳಗೆ ಬಂದಳು. ನಾನು ಸಡಿಲ ಮಾಡಿದ್ದ ಹೊರೆಯನ್ನು ಮತ್ತೆ ಬಿಗಿದು ಕಟ್ಟಿದಳು. ಆಮೇಲೆ ಊದುಗೊಳವೆ ತೆಗೆದುಕೊಂಡು, ಆ ಹೊಗೆಯ ಮುಂದೆ ತಾನೇ ಕೂತಳು.