ಮಾಳಿಗೆಯ ಮೇಲಿನ ವೈರು

ವೆಂಕೋಬ ಕೇಬಲ್ ವೈರಿಗೆ ಕಟಿಂಗ್ ಪ್ಲೈಯರ್ ಹಾಕಿ ನಿಂತಿದ್ದ. ಸಿಂಧನೂರಿನ ಲೋಕಲ್ ಚಾನೆಲ್ ಅರ್ಧ ಊರಿಗೆ ಮುಟ್ಟುವುದು ಅವನ ಮಾಳಿಗೆಯ ಮೇಲಿಂದಲೇ. ಚಾನೆಲ್ ಶುರುವಾದಾಗ ಮುಂದೆ ನಿಂತು ಈ ವೈರು ಎಳೆಸಿದವನೂ ಅವನೇ. ಕಾಲುವೆಯ ನೀರು ಕದಿಯಲು ಅವನು ಇಳಿಬಿಟ್ಟ ಪಂಪು ಈಗ ಅದೇ ಚಾನೆಲ್ಲಿನಲ್ಲಿ ಬರುತ್ತಿತ್ತು.

“ನಿಲ್ಲಸ್ತೀಯೋ ಇಲ್ಲೋ?”

“ಲೈವ್ ಹೊಂಟೈತಿ, ನಿಲ್ಲಸಾಕ ಬರಂಗಿಲ್ಲರೀ,” ಎಂದ ಮಾಳಿಗೆಗೆ ಓಡಿ ಬಂದಿದ್ದ, ಚಾನೆಲ್ ನಡೆಸುವ ಶಿವಪ್ರಸಾದ.

ವೆಂಕೋಬ ಹಲ್ಲು ಕಚ್ಚಿ ಅದುಮಿದ. ವೈರಿನ ಕರಿ ಸಿಪ್ಪೆ ಸೀಳಿತು.

“ತಡೀರಿ!” ಹೆಂಡತಿ ಶೇಖಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. “ಅದೇ ಕಾಲುವಿ ಕಡೀಗಿರೋ ಗೊರೇಬಾಳದಾಗ ನೀರು ಮುಟ್ಟದ ಗದ್ದಿ ತೋರ್ಸಾಕತ್ತಾರ. ನಮ್ಮಣ್ಣ ಒಣಗಿದ ನೆಲ್ಲು ಹಿಡ್ಕೊಂಡು ನಿಂತಾನ. ಅವ ಮಾತಾಡಿ ಮುಗಿಸಲಿ, ಆಮ್ಯಾಲ ಕತ್ತರಿಸ್ರಿ.”